ಅಂಗಡಿ ಎಂದು ಬರೆದ ಮನೆ

ನಮ್ಮ ಅತ್ತಿಗೆಗೆ ಊರಿನವರು ಇಟ್ಟ ಹೆಸರು ಗಿರಗಿಟ್ಲೆ. ನೀರಿನ ಮೀಟರಿನ ಗಾಜಿನೊಳಗೆ ಒಂದು ಪುಟ್ಟ ಚಕ್ರ ತಿರುಗುತ್ತಿರುತ್ತದಲ್ಲ, ಮನೆ ಮನೆಗೆ ಹೋಗಿ ಅದನ್ನು ನೋಡಿ ಬರೆದುಕೊಂಡು ಬರುವುದು ಅವರ ಕೆಲಸ. ಚಕ್ರವಾದರೂ ನಲ್ಲಿ ಮುಚ್ಚಿದರೆ ನಿಲ್ಲುತ್ತದೆ, ಇವರು ನಿಲ್ಲುವುದಿಲ್ಲ. ಊಟಕ್ಕೆ ಕೂತರೆ ಮೂರು ಸಲ ಏಳುತ್ತಾರೆ. ಮಾತಾಡುತ್ತಲೇ ಬಟ್ಟೆ ಮಡಚುತ್ತಾರೆ, ಮಡಚಿದ್ದನ್ನು ಸರಿಯಿಲ್ಲ ಅಂತ ಬಿಚ್ಚುತ್ತಾರೆ. ನಮ್ಮಣ್ಣ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಮಾಡುವವನು. ದಿನವಿಡೀ ಗರಗಸದ ಸದ್ದು ಕೇಳಿ ಕೇಳಿ ಮನೆಯಲ್ಲಿ ಮಾತನ್ನೇ ಬಿಟ್ಟಿದ್ದಾನೆ. ಇಪ್ಪತ್ತೆರಡು ವರ್ಷದಿಂದ ಅತ್ತಿಗೆ ಅತ್ತಿಂದಿತ್ತ ಓಡಾಡುವುದು, ಅಣ್ಣ ಕೂತಲ್ಲಿಂದಲೇ ಕಣ್ಣು ಹೊರಳಿಸುವುದು, ಇದೇ ಅವರ ಸಂಸಾರ. ಜೊತೆಗೆ ನಾನೊಬ್ಬ, ಅಂಚೆಯವನು, ಮದುವೆಯಾಗದ ಮೈದುನ.

ಇಷ್ಟು ವರ್ಷದಲ್ಲಿ ನಾವು ಒಂಬತ್ತು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಒಂಬತ್ತು ಸಲವೂ ಆ ದರಿದ್ರ ಕಬ್ಬಿಣದ ಬೀರುವಿನ ಒಂದು ತುದಿ ಹಿಡಿದವನು ನಾನೇ, ಹಾಗಾಗಿ ನನ್ನ ಬೆನ್ನಿಗೆ ಪ್ರತಿ ಮನೆಯೂ ಬೇರೆ ಬೇರೆಯಾಗಿ ನೆನಪಿದೆ. ಒಂದು ಮನೆಯ ಒಡತಿ ನಾವು ದೀಪ ಆರಿಸುವ ಹೊತ್ತನ್ನು ಕಾಯುತ್ತಿದ್ದಳು. ಇನ್ನೊಂದರಲ್ಲಿ ಮೇಲಿನವರು ಬಚ್ಚಲಿಗೆ ಹೋದರೆ ನಮ್ಮ ಅಡುಗೆಮನೆಯ ಗೋಡೆ ಬೆವರುತ್ತಿತ್ತು. ಒಬ್ಬ ಪುಣ್ಯಾತ್ಮ ಬಾಡಿಗೆ ಏರಿಸುವುದಕ್ಕೆ ಮುಂಚೆ ಯಾವಾಗಲೂ ನಮ್ಮ ಆರೋಗ್ಯ ವಿಚಾರಿಸುತ್ತಿದ್ದ. ಅವನು 'ಚೆನ್ನಾಗಿದ್ದೀರಾ' ಅಂದ ಕೂಡಲೇ ನಮಗೆ ಎದೆ ಧಸಕ್ಕೆನ್ನುತ್ತಿತ್ತು. ಅತ್ತಿಗೆಯ ಸಂಕಟ ಬೇರೆಯದು. ದಿನಾ ಬೆಳಿಗ್ಗೆ ಎದ್ದು ಆರುನೂರು ಜನರ ಸ್ವಂತ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ, ಸಂಜೆ ಬೇರೆಯವರ ಮನೆಗೆ ಮಲಗುವುದಕ್ಕೆ ಬರುತ್ತಾರೆ. "ಈ ಊರಲ್ಲಿ ಎಲ್ಲರ ಪೈಪು ಎಲ್ಲಿ ಹೋಗುತ್ತೆ ಅಂತ ನಂಗೊತ್ತು, ನನ್ನ ಪೈಪು ಅಂತ ಒಂದಿಲ್ಲ ನೋಡು" ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಒಂಬತ್ತನೆಯ ಮನೆಯ ಯಜಮಾನ ಮಗನಿಗೆ ಮದುವೆ, ನಾಲ್ಕು ತಿಂಗಳಲ್ಲಿ ಖಾಲಿ ಮಾಡಿ ಅಂದ. ಅದೇ ವಾರ ಅತ್ತಿಗೆ ಬ್ಯಾಂಕಿನಿಂದ ಒಂದು ಕಾಗದ ಹಿಡಿದುಕೊಂಡು ಬಂದರು. ಹಳ್ಳಿಗಾಡಿನಲ್ಲಿ ಮನೆ ಕೊಳ್ಳುವವರಿಗೆ ಸರ್ಕಾರದ ಜಾಮೀನಿನ ಸಾಲ. ಸರ್ಕಾರ ತನ್ನ ಕೈಯಿಂದ ಬಿಡಿಗಾಸು ಬಿಚ್ಚುವುದಿಲ್ಲ. ಕೊಡುವುದು ಬ್ಯಾಂಕು, ಬೆನ್ನಿಗೆ ನಿಲ್ಲುವುದು ಸರ್ಕಾರ. ಕೈಯಲ್ಲಿ ಮುಂಗಡ ಇಲ್ಲದವರಿಗೂ ಸಿಗುತ್ತದೆ. ಷರತ್ತು ಮಾತ್ರ ಬೇಕಾದಷ್ಟು. ಮೊದಲನೇ ಮನೆ ಆಗಿರಬೇಕು, ಕೊಂಡವರೇ ಅದರಲ್ಲಿ ವಾಸ ಮಾಡಬೇಕು, ಕೆಲಸ ಖಾಯಂ ಇರಬೇಕು, ಪೇಟೆಯ ಗಡಿಯಿಂದ ಆಚೆ ಇರಬೇಕು. ಪೇಟೆಯ ಗಡಿ ಮುಗಿಯುವುದು ಹೊಳೆಯ ಸೇತುವೆಯ ಆ ಕಡೆಗೇ, ನಮ್ಮ ಊರು ಈ ಕಡೆ. ಇಷ್ಟು ವರ್ಷ 'ಎಂಥಾ ಕುಗ್ರಾಮಕ್ಕೆ ತಂದು ಹಾಕಿದಿರಿ ನನ್ನನ್ನ' ಅಂತ ಅಣ್ಣನಿಗೆ ಮಂಗಳಾರತಿ ಎತ್ತುತ್ತಿದ್ದ ಅತ್ತಿಗೆ ಅವತ್ತು, "ಸದ್ಯ, ಕುಗ್ರಾಮನೇ ಆಯ್ತಲ್ಲ" ಅಂತ ನಿಟ್ಟುಸಿರು ಬಿಟ್ಟರು. ಅರ್ಜಿ ಹಾಕಿದ ಇಪ್ಪತ್ತು ದಿನಕ್ಕೆ ಜಾಮೀನು ಪತ್ರ ಬಂತು. ನಾನೇ ತಂದುಕೊಟ್ಟೆ. ತೊಂಬತ್ತು ದಿನದ ಆಯುಷ್ಯ ಅದಕ್ಕೆ. ಅಷ್ಟರಲ್ಲಿ ಮನೆ ಗೊತ್ತಾಗಿ, ಪರಿಶೀಲನೆ ಮುಗಿದು, ಸಾಲ ಮಂಜೂರಾಗಬೇಕು. ಇಲ್ಲದಿದ್ದರೆ ರದ್ದು, ಮತ್ತೆ ಮುಂದಿನ ವರ್ಷದ ಸರದಿ.

ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಅತ್ತಿಗೆ ಕ್ಯಾಲೆಂಡರಿನ ಮುಂದೆ ನಿಲ್ಲುವುದು, ಬೆರಳಿನಿಂದ ಎಣಿಸುವುದು, ಹೋಗುವುದು, ಮತ್ತೆ ಬಂದು ಎಣಿಸುವುದು. ನಡುವೆ ದಿನವೇನಾದರೂ ಕಳ್ಳತನವಾಗಿದೆಯೋ ಅನ್ನುವ ಹಾಗೆ.

ಯಾವ ಮನೆ ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು. ಬೇರೆಯವರು ಮನೆಯನ್ನು ಬಣ್ಣ ನೋಡಿ ಆರಿಸುತ್ತಾರೆ, ಅತ್ತಿಗೆ ನೀರು ನೋಡಿ ಆರಿಸಿದರು. "ಎಲ್ಲಾ ನಲ್ಲಿ ಮುಚ್ಚಿದ್ಮೇಲೂ ಚಕ್ರ ತೆವಳ್ತಾ ಇರೋ ಮನೆಗಳೇ ಈ ಊರಲ್ಲಿ ಮುಕ್ಕಾಲು ಪಾಲು. ಗೋಡೆ ಒಳಗೆ ಎಲ್ಲೋ ಸೋರ್ತಿರುತ್ತೆ. ಟೀಚರಮ್ಮನ ಮನೇಲಿ ಮಾತ್ರ ಮುಚ್ಚಿದ್ರೆ ಮುಗೀತು, ಕದಲಲ್ಲ. ಅಂಥಾ ಮನೆ ಕಟ್ಸೋಕೆ ಪುಣ್ಯ ಮಾಡಿರ್ಬೇಕು" ಅನ್ನುತ್ತಿದ್ದರು. ಎರಡು ಕೋಣೆ, ಹಿಂದೆ ಬಟ್ಟೆ ಒಣಗಿಸುವ ಜಾಗ, ಮಧ್ಯಾಹ್ನದ ಬೆಳಕು ಬೀಳುವ ಅಡುಗೆಮನೆ, ಮುಂದೆ ರಸ್ತೆಗೆ ತೆರೆಯುವ ಒಂದು ಉದ್ದನೆಯ ಕೋಣೆ. ಟೀಚರಮ್ಮ ನಮಗೆಲ್ಲ ಮಗ್ಗಿ ಕಲಿಸಿದವರು. ನಿವೃತ್ತಿಯಾಗಿ ಬಹಳ ವರ್ಷವಾಯಿತು. ಈಗ ದೂರದ ಊರಿನಲ್ಲಿರುವ ತಂಗಿಯ ಜೊತೆ ಇರುವುದಕ್ಕೆ ಹೊರಟಿದ್ದರು. "ಒಬ್ಬಳೇ ಜಗಳ ಆಡಿ ಸಾಕಾಗಿದೆ, ಅವಳ ಜೊತೆ ಆಡ್ತೀನಿ" ಅಂದಿದ್ದರು. ಮನೆ ಅತ್ತಿಗೆಗೇ ಅಂತ ಬಾಯಿಮಾತು ಕೊಟ್ಟಿದ್ದರು. ಅದೇ ಮನೆಯ ಮೇಲೆ ಬಣ್ಣದ ಡಬ್ಬಿ ಮಾರುವ ಗೋದಾಮಿನವನೊಬ್ಬ ಕಣ್ಣಿಟ್ಟಿದ್ದ. ಅವನಿಗೆ ಸಾಲವೂ ಬೇಡ, ಸರ್ಕಾರವೂ ಬೇಡ, ನಾಳೆ ಅಂದರೆ ನಾಳೆ ದುಡ್ಡು ತರುವವನು.

ಆ ಮನೆಯನ್ನು ಊರು ಕರೆಯುವುದು ಅಂಗಡಿ ಮನೆ ಅಂತ. ಇದು ನಮ್ಮ ಊರಿನವರು ಮಾತ್ರ ಅರ್ಥ ಮಾಡಿಕೊಳ್ಳಬಲ್ಲ ಹೆಸರು, ಯಾಕೆಂದರೆ ಅಲ್ಲಿ ಒಂದು ದಿನವೂ ಅಂಗಡಿ ಇರಲಿಲ್ಲ. ಟೀಚರಮ್ಮನ ಯಜಮಾನರು ಒಂದು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು, ಶಾಲೆಯ ಮಕ್ಕಳಿಗೆ ಬೇಕಾಗುವ ನೋಟ್‌ಬುಕ್ಕು ಪೆನ್ಸಿಲ್ಲು ಶಾಯಿ ಮಾರುವ ಅಂಗಡಿ ಇಡುತ್ತೇನೆ ಅಂತ ಆ ಮುಂದಿನ ಕೋಣೆ ಕಟ್ಟಿಸಿದರು. ರಸ್ತೆಯ ಕಡೆಗೆ ಒಂದರ ಪಕ್ಕ ಒಂದು ತೆಗೆದಿಡುವ ಹಲಗೆ ಬಾಗಿಲು ಮಾಡಿಸಿದರು. ಆಮೇಲೆ ಗೂಡುಗಳ ಎತ್ತರ ಸರಿಯಿಲ್ಲ ಅಂತ ಒಡೆಸಿ ಮತ್ತೆ ಮಾಡಿಸಿದರು. ಬೋರ್ಡಿನ ಅಕ್ಷರ ದಪ್ಪವಾಯಿತು ಅಂತ ಅಳಿಸಿ ಬರೆಸಿದರು. ಎಲ್ಲವೂ ಸರಿಯಾದ ಮೇಲೆಯೇ ತೆರೆಯಬೇಕು ಅನ್ನುವ ಮನುಷ್ಯ. ಹೀಗೇ ಆರು ವರ್ಷ. ಊರಿಗೆ ಇಷ್ಟು ಸಾಕಲ್ಲ. ಬೆಂಕಿಪೊಟ್ಟಣವನ್ನೂ ಮಾರದ ಅಂಗಡಿ ಅಂತ ಮಾತಾಯಿತು. ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷವೇ ಅವರು ತೀರಿಕೊಂಡರು, ಹಲಗೆ ತೆಗೆಯದೆ. ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ನನ್ನ ಮೊದಲ ಘನಕಾರ್ಯ ಹೇಳುತ್ತೇನೆ. ಬ್ಯಾಂಕಿನ ಕಡೆಯಿಂದ ಮನೆ ಪರಿಶೀಲಿಸುವವನು ಮೋಟಾರ್ ಸೈಕಲ್ಲಿನಲ್ಲಿ ಬಂದ. ಕುತ್ತಿಗೆಗೆ ಟೇಪು, ಕಂಕುಳಲ್ಲಿ ಬರೆಯುವ ರಟ್ಟು. ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ ವಿಳಾಸ ಕೇಳಿದ. ಅಂಚೆಯವನನ್ನು ವಿಳಾಸ ಕೇಳಿದರೆ ಅವನಿಗೆ ಎಷ್ಟು ಹೆಮ್ಮೆಯಾಗುತ್ತದೆ ಅನ್ನುವುದು ನಿಮಗೆ ಗೊತ್ತಿರಲಾರದು.

"ಓ, ಅಂಗಡಿ ಮನೇನಾ? ನೆಟ್ಟಗೆ ಹೋಗಿ, ಬಲಗಡೆಗೆ ಹಲಗೆ ಬಾಗಿಲಿನ ಅಂಗಡಿ ಕಾಣುತ್ತಲ್ಲ, ಅದೇ" ಅಂದೆ.

"ಅಂಗಡಿನಾ?" ಅಂದ.

"ಅಂಗಡಿನೇ. ಯಾರನ್ನ ಬೇಕಾದ್ರೂ ಕೇಳಿ" ಅಂದುಬಿಟ್ಟೆ.

ಅವನು ಹೋದ, ಅಳೆದ, ಬರೆದ. ಟೀಚರಮ್ಮನನ್ನೂ ಕೇಳಿದನಂತೆ, ಮುಂದಿನ ಕೋಣೆ ಏನು ಅಂತ. ಅವರೂ ಮುಖ ಗಂಭೀರ ಮಾಡಿಕೊಂಡು "ಅಂಗಡಿ" ಅಂದರಂತೆ. ಹತ್ತು ದಿನಕ್ಕೆ ಬ್ಯಾಂಕಿನಿಂದ ಕರೆ ಬಂತು. ಸಾಲದ ಗುಮಾಸ್ತೆ ಒಳ್ಳೆಯ ಹೆಂಗಸೇ, ಆದರೆ ನಿಯಮದ ಪುಸ್ತಕವನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಕೂತಿದ್ದಳು. ವ್ಯಾಪಾರಕ್ಕೆ ಬಳಸುವ ಜಾಗ ಇರುವ ಮನೆಗೆ ಈ ಸಾಲ ಇಲ್ಲ. ವಾಸದ ಮನೆಗೆ ಮಾತ್ರ.

"ಅಯ್ಯೋ, ಅದು ಅಂಗಡಿ ಅಲ್ಲಮ್ಮ, ಹೆಸರು ಮಾತ್ರ!" ಅಂತ ಅತ್ತಿಗೆ ಕುರ್ಚಿಯಿಂದ ಅರ್ಧ ಎದ್ದರು.

"ಹೆಸರು ಯಾಕೆ ಹಾಗೆ ಬಂತು?"

ಅದನ್ನು ಹೇಗೆ ವಿವರಿಸುವುದು? ತಮಾಷೆಗೆ ಅಂತ ಹೇಳಿದರೆ ಯಾವ ಬ್ಯಾಂಕು ನಂಬುತ್ತದೆ? ನಾನು ಶುರು ಮಾಡಿದೆ, ಬೋರ್ಡಿನ ಅಕ್ಷರದ ಕಥೆಯವರೆಗೂ ಬಂದೆ, ಗುಮಾಸ್ತೆಯ ಮುಖ ನೋಡಿ ಬಾಯಿ ಮುಚ್ಚಿದೆ.

"ನೀರಿನ ಕಚೇರಿಯಿಂದ ಒಂದು ಕಾಗದ ತನ್ನಿ" ಅಂದಳು ಅವಳು. "ಆ ಮನೆಗೆ ಮನೆ ದರದಲ್ಲೇ ನೀರಿನ ಬಿಲ್ಲು ಹೋಗ್ತಿದೆ ಅಂತ ಇದ್ರೆ ಸಾಕು. ಪರಿಶೀಲನೆ ತಿದ್ದಿಸ್ತೀನಿ."

ಅತ್ತಿಗೆ ಗೆದ್ದವರ ಹಾಗೆ ನಕ್ಕರು. ನೀರಿನ ಕಚೇರಿ ಅಂದರೆ ಅವರ ತವರುಮನೆ ಇದ್ದ ಹಾಗೆ. ದಾರಿಯುದ್ದಕ್ಕೂ ಆ ಅಳತೆಯವನನ್ನು ಬೈದೆ. ಸರ್ಕಾರವನ್ನು ಬೈದೆ. ಟೀಚರಮ್ಮನನ್ನೂ ಬಿಡಲಿಲ್ಲ, ಮುದುಕಿಗೆ ಅರಳು ಮರಳು ಅಂದೆ. ನನ್ನನ್ನು ಬಿಟ್ಟು ಎಲ್ಲರನ್ನೂ ಬೈದೆ.

ಕಚೇರಿಯಲ್ಲಿ ದಫ್ತರ ನೋಡಿಕೊಳ್ಳುವವನು ದೊಡ್ಡ ಪುಸ್ತಕ ತೆಗೆದ. ಬೀದಿ, ಮನೆ ಸಂಖ್ಯೆ, ಮೀಟರ್ ಸಂಖ್ಯೆ, ದರ್ಜೆ. ಟೀಚರಮ್ಮನ ಹೆಸರಿನ ಮುಂದೆ ದರ್ಜೆಯ ಸಾಲಿನಲ್ಲಿ 'ಅಂಗಡಿ' ಅಂತ ಇತ್ತು. ಹಿಂದಿನ ವರ್ಷದ ಪುಸ್ತಕದಲ್ಲೂ ಅಂಗಡಿ. ಅದರ ಹಿಂದಿನದರಲ್ಲೂ. ಪ್ರತಿ ವರ್ಷ ಹಳೆಯದನ್ನು ನೋಡಿ ಹೊಸದಕ್ಕೆ ಇಳಿಸುತ್ತಾರಲ್ಲ. ಅತ್ತಿಗೆ ತಾವೇ ಮೂಲೆಯ ಕಪಾಟಿಗೆ ಹೋಗಿ, ಧೂಳು ಕೊಡವಿ, ಇಪ್ಪತ್ತೆರಡು ವರ್ಷದ ಕೆಳಗಿನ ಪುಸ್ತಕ ತೆಗೆದರು. ಅಲ್ಲಿತ್ತು ಅದು, ಉರುಟು ಉರುಟಾದ ಅಕ್ಷರದಲ್ಲಿ. ಅಕ್ಷರ ಯಾರದ್ದು ಅಂತ ಕೇಳುವ ಹಾಗೇ ಇರಲಿಲ್ಲ.

"ನಾನೇ ಬರ್ದಿದೀನಿ" ಅಂದರು ಅತ್ತಿಗೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳ ಪುಟ ಅದು. ನನ್ನ ಕಡೆ ತಿರುಗಿದರು. "ಅವಾಗ ದಾರಿ ತೋರ್ಸೋಕೆ ಜೊತೇಲಿ ಬಂದಿದ್ದು ನೀನೇ ಅಲ್ವಾ?"

"ಬಂದಿದ್ನೇನೋ. ಅಷ್ಟು ಹಿಂದಿನ ಮಾತು ಯಾರಿಗೆ ನೆನಪಿರುತ್ತೆ ಅತ್ತಿಗೆ?" ಅಂದೆ.

ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ನನಗೆ ಆಗ ಹತ್ತೊಂಬತ್ತು, ಊರಿಗೇ ನಾನೊಬ್ಬ ಮಾತುಗಾರ ಅಂತ ತಿಳಿದುಕೊಂಡಿದ್ದ ಕಾಲ. ಪರ ಊರಿನಿಂದ ಬಂದ ಹೊಸ ಅತ್ತಿಗೆ ಪ್ರತಿ ಬಾಗಿಲಿನಲ್ಲೂ ನಿಂತು "ಇದು ಮನೆನಾ, ಅಂಗಡಿನಾ?" ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಟೀಚರಮ್ಮನ ಮನೆಯ ಮುಂದೆ ನಾನು ನಗು ತಡೆದುಕೊಂಡು, ಒಳ್ಳೆ ಗಟ್ಟಿ ದನಿಯಲ್ಲಿ, "ಅಂಗಡಿ ಬರ್ಕೊಳ್ಳಿ ಅತ್ತಿಗೆ, ಊರಿಗೇ ದೊಡ್ಡ ಅಂಗಡಿ" ಅಂದಿದ್ದೆ. ಅವರು ಬರೆದುಕೊಂಡರು. ಆ ಸಂಜೆ ಗೆಳೆಯರ ಹತ್ತಿರ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಆಮೇಲೆ ಮರೆತೆ. ಪುಸ್ತಕ ಮರೆಯಲಿಲ್ಲ.

ದಫ್ತರದವನು ಬಾಗಿಲು ಮುಂದೆ ಮಾಡಿ, ಡ್ರಾಯರಿನಿಂದ ಒಂದು ಬ್ಲೇಡು ತೆಗೆದ. "ಅಕ್ಕಾ, ಎರಡು ನಿಮಿಷದ ಕೆಲಸ. ಕೆರೆದು 'ಮನೆ' ಅಂತ ಬರೀತೀನಿ. ಕಾಗದ ತಗೊಂಡು ಹೋಗಿ. ಯಾರು ನೋಡ್ತಾರೆ?"

ನನಗೆ ಅವನನ್ನು ತಬ್ಬಿಕೊಳ್ಳುವ ಹಾಗಾಯಿತು. "ಕೆರೆಸಿ ಅತ್ತಿಗೆ. ಇನ್ನು ಹತ್ತೊಂಬತ್ತೇ ದಿನ ಇರೋದು" ಅಂದೆ.

ಅತ್ತಿಗೆ ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ ನಡೆದರು. ಆ ಕೋಣೆಯಲ್ಲಿ ನಾಲ್ಕು ಹೆಜ್ಜೆಗಿಂತ ಹೆಚ್ಚು ಜಾಗವಿರಲಿಲ್ಲ, ಆ ನಾಲ್ಕನ್ನೇ ನಲವತ್ತು ಸಲ ಹಾಕಿದರು. "ಟೀಚರಮ್ಮ ಇಷ್ಟು ವರ್ಷ ಅಂಗಡಿ ದರ ಕಟ್ಟಿದಾರೆ ಕಣೋ. ನನ್ನಿಂದ. ತಿಂಗಳು ತಿಂಗಳು ನಾನೇ ಬಿಲ್ ಕೊಟ್ಟು ಬಂದಿದೀನಿ, ಮೀಟರಿನ ಅಂಕಿ ಬಿಟ್ಟು ದರ್ಜೆ ಕಡೆ ಕಣ್ಣೇ ಹಾಯಿಸ್ದೆ. ಈಗ ನನಗೆ ಮನೆ ಬೇಕು ಅಂದ ಕೂಡ್ಲೇ ಕೆರೆದು ಹಾಕ್ಬೇಕಾ? ಆ ಮನೇಲಿ ಹೋಗಿ ಹೆಂಗೆ ಮಲಗ್ಲಿ?"

"ಕಣ್ಣು ಮುಚ್ಕೊಂಡು ಮಲ್ಕೊಳ್ಳಿ!" ಅಂತ ರೇಗಿದೆ. ನನ್ನ ಸಿಟ್ಟಿಗೆ ಕಾರಣ ಬೇರೆ ಇತ್ತು ಅಂತ ಈಗ ಹೇಳಬೇಕಾಗಿಲ್ಲ.

ಅವರು ಸೀದಾ ಮೇಲಧಿಕಾರಿಯ ಕೋಣೆಗೆ ನುಗ್ಗಿ ತಪ್ಪು ಒಪ್ಪಿಕೊಂಡು ಬರೆದುಕೊಟ್ಟರು. ಮೈದುನ ಹೇಳಿದ ಅಂತ ಬರೆಯಲಿಲ್ಲ. 'ವಿಚಾರಿಸದೆ ಬರೆದೆ' ಅಂತ ಬರೆದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ. ವಿಚಾರಣೆ ಮುಗಿಯುವವರೆಗೆ ಬೀದಿ ಸುತ್ತುವ ಹಾಗಿಲ್ಲ, ದೂರು ಸ್ವೀಕರಿಸುವ ಕಿಟಕಿಯಲ್ಲಿ ಕೂರಬೇಕು ಅಂದ. ಕೆಲಸ ಹೋಗಲಿಲ್ಲ, ಹೋಗಿದ್ದರೆ ಸಾಲವೂ ಹೋಗುತ್ತಿತ್ತು. ದರ್ಜೆ ತಿದ್ದುವುದಕ್ಕೆ ಮಾತ್ರ ಮನೆಯ ಒಡೆಯರ ಹೇಳಿಕೆ ಬೇಕು: ಅಲ್ಲಿ ಅಂಗಡಿ ಇರಲಿಲ್ಲ ಅಂತ, ಅವರ ಸಹಿ, ಒಬ್ಬ ಸಾಕ್ಷಿಯ ಸಹಿ. ಕಚೇರಿಯ ಕಾಗದದ ಜೊತೆ ಅದರ ಪ್ರತಿ ಬ್ಯಾಂಕಿಗೂ ಹೋಗಬೇಕು.

ಇಷ್ಟೇ ತಾನೆ ಅಂದುಕೊಂಡು ಮಾರನೆಯ ದಿನ ಮಧ್ಯಾಹ್ನ ಹೋದೆವು. ಟೀಚರಮ್ಮ ಮುಂದಿನ ಕೋಣೆಯಲ್ಲೇ ಕೂತು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಹಲಗೆಗಳ ಸಂದಿಯಿಂದ ಬಿಸಿಲು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಗೋಡೆಯ ತುಂಬಾ ಗೂಡು, ಒಂದರಲ್ಲೂ ಏನೂ ಇಲ್ಲ. ಅತ್ತಿಗೆ ಟೈಪು ಮಾಡಿದ ಹೇಳಿಕೆ ಕೊಟ್ಟರು. ಟೀಚರಮ್ಮ ಓದಿದರು.

"ಇಲ್ಲಿ ಅಂಗಡಿ ಇರಲಿಲ್ಲ ಅಂತ ನಾನು ಬರ್ಕೊಡ್ಬೇಕಾ?"

"ಹೌದು ಟೀಚರಮ್ಮ."

"ಕೊಡಲ್ಲ."

ನಾನು ತಮಾಷೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆಯಾಗಿರಲಿಲ್ಲ.

"ಗೋದಾಮಿನವನು ನಿನ್ನೆನೂ ಬಂದಿದ್ದ" ಅಂದರು. "ಹಲಗೆ ತೆಗ್ಸಿ ಶಟರ್ ಹಾಕಿಸ್ತಾನಂತೆ. ಬೋರ್ಡ್ ಹಾಕಿಸ್ತಾನಂತೆ. ಅವನಿಗೆ ಕೊಟ್ರೆ ಇದು ಕೊನೆಗೂ ಅಂಗಡಿ ಆಗುತ್ತೆ. ನಿನಗೆ ಕೊಡ್ಬೇಕು ಅಂದ್ರೆ ಅಂಗಡಿನೇ ಇರ್ಲಿಲ್ಲ ಅಂತ ನಾನು ಸಹಿ ಹಾಕ್ಬೇಕು. ನೀನೇ ಹೇಳು, ನ್ಯಾಯನಾ?" ಖಾಲಿ ಗೂಡುಗಳ ಕಡೆ ಕೈ ತೋರಿಸಿ ಕೇಳಿದರು. "ನೀನು ಇಡ್ತೀಯೇನು ಇಲ್ಲಿ ಅಂಗಡಿ? ಚಿಕ್ಕದು? ಮಕ್ಕಳಿಗೆ?"

ನಾನು ಹಿಂದಿನಿಂದ ಅತ್ತಿಗೆಯ ಸೆರಗು ಎಳೆದು, "ಹೂಂ ಅನ್ನಿ" ಅಂತ ಪಿಸುಗುಟ್ಟಿದೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾಳೆ ಟೀಚರಮ್ಮ ತಂಗಿಯ ಊರಲ್ಲಿರುತ್ತಾರೆ, ನೋಡುವುದಕ್ಕೆ ಬರುತ್ತಾರೆಯೇ?

"ಆಗಲ್ಲ ಟೀಚರಮ್ಮ" ಅಂದರು ಅತ್ತಿಗೆ. "ಇಲ್ಲಿ ವ್ಯಾಪಾರ ಮಾಡಲ್ಲ ಅಂತ ಸರ್ಕಾರಕ್ಕೆ ಬರ್ಕೊಡ್ಬೇಕು ನಾನು. ಇನ್ನೊಂದು ಮಾತು. ಅಂಗಡಿ ಅಂತ ಪುಸ್ತಕದಲ್ಲಿ ಬರ್ದೋಳು ನಾನೇ. ವಿಚಾರಿಸ್ದೆ ಬರ್ದೆ. ಅದಕ್ಕೇ ನೀವು ಇಷ್ಟು ವರ್ಷ ಹೆಚ್ಚಿಗೆ ಕಟ್ಟಿದೀರಿ. ಕಚೇರಿಲಿ ಒಪ್ಕೊಂಡು ಬಂದಿದೀನಿ."

ಟೀಚರಮ್ಮ ಎದ್ದು ಒಳಗೆ ಹೋದರು. ಸಿಟ್ಟು ಬಂತು, ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಬಂದಾಗ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಒಳಗೆ ನೀರಿನ ಬಿಲ್ಲುಗಳು, ವರ್ಷ ವರ್ಷಕ್ಕೆ ಒಂದೊಂದು ಕಟ್ಟು, ದಾರದಲ್ಲಿ ಬಿಗಿದದ್ದು. ಮೊದಲನೆಯ ಕಟ್ಟಿನ ಮೇಲಿನ ಕಾಗದ ತೆಗೆದು ಒಂದು ಪದದ ಕೆಳಗೆ ಬೆರಳಿಟ್ಟರು.

"ತಪ್ಪು ಅಂತ ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದೋಳು ನಾನು. ಬೇಕೂ ಅಂತಲೇ ತಿದ್ದಿಸ್ಲಿಲ್ಲ. ಊರೆಲ್ಲ ನಗ್ತಾ ನಗ್ತಾ ಅಂಗಡಿ ಅಂದ್ರು. ನಮ್ಮ ಯಜಮಾನರ ಮುಂದೇನೇ ಅಂದ್ರು. ನೀನೊಬ್ಬಳು ನಗದೆ ಬರ್ದೆ. ಸರ್ಕಾರದ ಮುದ್ರೆ ಹಾಕಿ ತಿಂಗಳು ತಿಂಗಳು ತಂದುಕೊಟ್ಟೆ. ಅವರ ಅಂಗಡಿ ಇದ್ದಿದ್ದು ಈ ಪೆಟ್ಟಿಗೇಲಿ ಮಾತ್ರ ಕಣಮ್ಮ."

ಅತ್ತಿಗೆಯ ಕಣ್ಣು ತುಂಬಿತು. ನನಗೆ ನೆಲ ನೋಡುವುದೊಂದೇ ಉಳಿದಿತ್ತು.

"ನಂಗೆ ಈ ಮನೆ ಬೇಕು ಟೀಚರಮ್ಮ" ಅಂದರು ಅತ್ತಿಗೆ. "ಇದಕ್ಕಿಂತ ಹೆಚ್ಚಿಗೆ ನಾನು ಯಾವತ್ತೂ ಏನೂ ಆಸೆಪಟ್ಟಿಲ್ಲ. ಆದ್ರೆ ನಿಮ್ಮ ಕೈಲಿ ಇದನ್ನ ಬರೆಸ್ಕೊಂಡು ಬೇಡ. ಅವನಿಗೇ ಕೊಡಿ. ನಾವು ಇನ್ನೊಂದು ಬಾಡಿಗೆ ಮನೆ ನೋಡ್ಕೋತೀವಿ, ನಮಗೇನು ಹೊಸದಾ?" ಹೇಳಿಕೆಯ ಕಾಗದ ಮಡಚಿ ಎದ್ದೇಬಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು. ಹದಿನೆಂಟು ದಿನ ಇರುವಾಗ ಯಾರಾದರೂ ಹೀಗೆ ದೊಡ್ಡಸ್ತಿಕೆ ತೋರಿಸುತ್ತಾರೆಯೇ? ಆದರೆ ಬಾಯಿ ಬಿಡುವ ಯೋಗ್ಯತೆ ಆ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ ಇದ್ದದ್ದು ನನಗೆ.

"ಬಾ ಇಲ್ಲಿ, ಕಾಗದ ಕೊಡು" ಅಂದರು ಟೀಚರಮ್ಮ. ಪಾಠ ಹೇಳುವಾಗಿನ ಅದೇ ದನಿ. ಅತ್ತಿಗೆ ಕೊಟ್ಟರು. "ನಮ್ಮ ಯಜಮಾನರಿಗೆ ಬೇಕಾಗಿದ್ದು ನೋಟ್‌ಬುಕ್ಕು, ಪೆನ್ಸಿಲ್ಲು. ಬಣ್ಣದ ಡಬ್ಬಿ ಅಲ್ಲ. ಅವನು ಇಡೋದು ಅವನ ಅಂಗಡಿ. ಅದಕ್ಕೂ ನಮ್ಮ ಯಜಮಾನರಿಗೂ ಏನು ಸಂಬಂಧ? ಅವನು ಬಂದಾಗೆಲ್ಲ ಎಷ್ಟು ಅಡಿ, ಎಷ್ಟು ಅಡಿ ಅಂತ ಕೇಳ್ತಾನೆ. ನೀನು ಮೀಟರ್ ನೋಡೋಕೆ ಬಂದ್ರೆ ಊಟ ಆಯ್ತಾ ಅಂತ ಕೇಳ್ತೀಯ." ಮಾತಾಡುತ್ತಲೇ ಪೆನ್ನು ತೆಗೆದು 'ಇಲ್ಲಿ ಅಂಗಡಿ ಇರಲಿಲ್ಲ' ಅನ್ನುವ ಸಾಲಿನಲ್ಲಿ ಕೊನೆಯ ಪದವನ್ನು ಹೊಡೆದು ಹಾಕಿ, ಮೇಲೆ ಸಣ್ಣಗೆ ಬರೆದರು. "ಇರ್ಲಿಲ್ಲ ಅಂತ ನಾನು ಸಾಯೋವರೆಗೂ ಬರೆಯಲ್ಲ. ಹೀಗೆ ಬರ್ದಿದೀನಿ, ನಿಮ್ಮ ಬ್ಯಾಂಕಿಗೆ ಇಷ್ಟ ಇದ್ರೆ ತಗೊಳ್ಲಿ."

'ಇಲ್ಲಿ ಅಂಗಡಿ ಒಂದು ದಿನವೂ ತೆರೆಯಲಿಲ್ಲ.'

ಬ್ಯಾಂಕು ತೆಗೆದುಕೊಂಡಿತೋ ಇಲ್ಲವೋ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನಗೆ ಹಿಡಿಸುವುದಿಲ್ಲ. ನೀರಿನ ಕಚೇರಿಯವರು ದರ್ಜೆ ತಿದ್ದಿಕೊಟ್ಟರು. ಗುಮಾಸ್ತೆ ಆ ಸಾಲನ್ನು ಎರಡು ಸಲ ಓದಿ, ನಿಯಮದ ಪುಸ್ತಕ ತಿರುವಿ, "ತೆರೆದಿಲ್ಲ ಅಂದ್ರೆ ವ್ಯಾಪಾರ ಇಲ್ಲ, ವ್ಯಾಪಾರ ಇಲ್ಲ ಅಂದ್ರೆ ಮನೆ" ಅಂದಳು. ಜಾಮೀನು ಪತ್ರಕ್ಕೆ ಇನ್ನು ನಾಲ್ಕು ದಿನ ಇರುವಾಗ ಸಾಲ ಮಂಜೂರಾಯಿತು. ಅಣ್ಣ ಆವತ್ತು ಪೂರ್ತಿ ಒಂದು ವಾಕ್ಯ ಮಾತಾಡಿದ. ಅತ್ತಿಗೆಗೆ ಬೀದಿಯ ಕೆಲಸ ಮಾತ್ರ ಮತ್ತೆ ಸಿಗಲಿಲ್ಲ. ಈಗಲೂ ದೂರಿನ ಕಿಟಕಿಯಲ್ಲಿದ್ದಾರೆ. ದೂರು ಕೊಡುವುದಕ್ಕೆ ಬಂದವರು ಅವರ ಚಡಪಡಿಕೆ ನೋಡಿ, ಇವರದ್ದೇ ಏನೋ ದೊಡ್ಡ ದೂರಿದೆ ಅಂತ ಹಿಂದೆ ಸರಿಯುತ್ತಾರಂತೆ.

ಆದರೆ ಆ ಮಧ್ಯಾಹ್ನ ಸಾಕ್ಷಿಯ ಸಹಿ ಇನ್ನೂ ಬಾಕಿಯಿತ್ತು. ಟೀಚರಮ್ಮ ಕಾಗದವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

"ನೀನೇ ಹಾಕ್ಬೇಕು ಕಣೋ" ಅಂದರು. "ಅವತ್ತು ಇವಳ ಜೊತೆ ಬಂದಿದ್ದು ನೀನೇ ತಾನೆ? ನಾನು ಈ ಹಲಗೆ ಹಿಂದೇನೇ ಕೂತಿದ್ದೆ. ನಮ್ಮ ಯಜಮಾನರು ಹೋಗಿ ಹದಿನೈದು ದಿನ ಆಗಿತ್ತು. ಒಂದು ತುತ್ತು ಗಂಟಲಲ್ಲಿ ಇಳೀತಿರ್ಲಿಲ್ಲ. ನೀನು ಹೊರಗಡೆ ಹೇಳ್ತಾ ಇದ್ದೆ, 'ಅಂಗಡಿ ಬರ್ಕೊಳ್ಳಿ ಅತ್ತಿಗೆ, ಊರಿಗೇ ದೊಡ್ಡ ಅಂಗಡಿ' ಅಂತ. ಎಷ್ಟು ಗಟ್ಟಿಯಾಗಿ ಹೇಳ್ದೆ! ನನ್ನ ಶಿಷ್ಯರಲ್ಲಿ ಒಬ್ಬನಾದ್ರೂ ಅವರ ಮರ್ಯಾದೆ ಉಳಿಸ್ದ ಅನ್ನಿಸ್ತು. ಎದ್ದು ಅನ್ನ ಮಾಡ್ಕೊಂಡು ಊಟ ಮಾಡ್ದೆ ಅವತ್ತು."

ಹೇಳಿಬಿಡಬೇಕು ಅನ್ನಿಸಿತು. ಬಾಯಿಯವರೆಗೂ ಬಂತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು, ಕದಲದೆ. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಬಹುಶಃ ಪುಸ್ತಕ ತೆಗೆದ ದಿನವೇ ಆಗಿತ್ತು. ತುಟಿ ಬಿಗಿಹಿಡಿದು, ಬೇಡ ಅನ್ನುವಂತೆ ಒಂದೇ ಒಂದು ಸಲ ತಲೆ ಅಲ್ಲಾಡಿಸಿದರು.

"ಹೌದು ಟೀಚರಮ್ಮ, ನಾನೇ ಹೇಳಿದ್ದು" ಅಂದೆ. ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು, ಅವರು ಅದನ್ನು ನೋಡಿ, ನಿನ್ನ ಕೈ ಇನ್ನೂ ನೆಟ್ಟಗಾಗಲಿಲ್ಲವಲ್ಲೋ ಅಂತ ನನ್ನ ಬೆನ್ನು ತಟ್ಟಿದರು.